ಊರಿಗೆಲ್ಲ ಒಂದೇ ಮೇಲ್ ಐಡಿ

ಅರಕಲಗೂಡಿನ ತಾಲ್ಲೂಕು ಕಚೇರಿಗೆ ಕೆಲಸದ ಮೇಲೆ ಬಂದವರು ಮೊದಲು ಒಳಗೆ ಹೋಗುತ್ತಾರೆ. ತಂದ ಕಾಗದ ಸಾಲದು ಎಂದು ಗೊತ್ತಾದ ಮೇಲೆ ಹೊರಗೆ ಬಂದು ಗಂಗಾಧರಯ್ಯನ ಅಂಗಡಿ ಹುಡುಕುತ್ತಾರೆ. ಅಂಗಡಿಗೆ ಬೋರ್ಡಿಲ್ಲ. ಒಂದು ಬೆಂಚು, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಗೆ ಬಸವಣ್ಣನ ಕ್ಯಾಲೆಂಡರು, ಅಷ್ಟೇ. ಆದರೂ ಯಾರನ್ನು ಕೇಳಿದರೂ ಬೆರಳು ಅತ್ತಲೇ ತೋರಿಸುತ್ತದೆ.

ಗಂಗಾಧರಯ್ಯ ಹರೆಯದಲ್ಲಿ ಹಾಸನಕ್ಕೆ ಬಸ್ಸಿನಲ್ಲಿ ಓಡಾಡಿ ಕನ್ನಡ ಸೀನಿಯರ್, ಇಂಗ್ಲಿಷ್ ಜೂನಿಯರ್ ಟೈಪಿಂಗ್ ಪಾಸು ಮಾಡಿದವನು. ಸರ್ಕಾರಿ ಕೆಲಸಕ್ಕೆ ಎಂಟು ವರ್ಷ ಅರ್ಜಿ ಹಾಕಿದ. ಕೆಲಸ ಸಿಗಲಿಲ್ಲ, ಅರ್ಜಿ ಬರೆಯುವ ಕೈ ಮಾತ್ರ ಪಳಗಿತು. ಸರಿ, ಊರವರ ಅರ್ಜಿ ಬರೆದೇ ಬದುಕೋಣ ಎಂದು ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂತ. ಹೊಡೆದ ಪ್ರತಿ ಅರ್ಜಿಗೂ ಒಂದು ಕಾರ್ಬನ್ ಕಾಪಿ ತನಗಾಗಿ ತೆಗೆದಿಡುತ್ತಿದ್ದ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ, ಅದೊಂದು ಚಾಳಿ. ಹೆಂಡತಿ ದಾಕ್ಷಾಯಣಮ್ಮನ ಮಂಚದ ಕೆಳಗೆ ಆರು ತಗಡಿನ ಟ್ರಂಕು ತುಂಬಿದವು. ಹದಿನೈದು ವರ್ಷದ ಹಿಂದಿನ ಅರ್ಜಿ ಕಳೆದುಕೊಂಡವನು ಬಂದು ತಲೆ ಕೆರೆದುಕೊಂಡರೆ ಗಂಗಾಧರಯ್ಯ ಒಂದು ದಿನ ಟೈಮು ತೆಗೆದುಕೊಂಡು ಕಾಪಿ ತಂದುಕೊಡುತ್ತಿದ್ದ. ಕೊಡುವಾಗ ಒಂದು ಉಪದೇಶ ಬೇರೆ. "ಬಾಯಲ್ಲಿ ಆಡಿದ್ದು ಗಾಳಿಗೆ ಓಯ್ತದೆ ಕಣಯ್ಯ. ಬರ್ದಿದ್ದು ಉಳೀತದೆ."

ಆಮೇಲೆ ಕಂಪ್ಯೂಟರ್ ಬಂತು. ಎಲ್ಲ ಅರ್ಜಿಯೂ ಆನ್‌ಲೈನ್ ಆಯಿತು, ಪ್ರತಿ ಅರ್ಜಿಯಲ್ಲೂ ಮೇಲ್ ಐಡಿ ಎಂಬ ಒಂದು ಖಾನೆ ಬಂದು ಕೂತಿತು. ಅದನ್ನು ತುಂಬದೆ ಮುಂದಕ್ಕೆ ಬಿಡುವುದಿಲ್ಲ. ರಾಗಿ ಕೊಯ್ಯುವುದನ್ನು ಬಿಟ್ಟು ಬಂದವನಿಗೆ ಎಲ್ಲಿಯ ಮೇಲ್ ಐಡಿ? ವಿಧವಾ ವೇತನಕ್ಕೆ ಬಂದ ಅಜ್ಜಿಗೆ ಎಲ್ಲಿಯದು? ಗಂಗಾಧರಯ್ಯ ಎರಡು ಸಲ ಯೋಚಿಸದೆ ಅಲ್ಲಿ ತನ್ನದೇ ಐಡಿ ಹೊಡೆದ. ಮಾರನೆಯ ದಿನವೂ ಹೊಡೆದ. ಹದಿನಾಲ್ಕು ವರ್ಷ ಹೊಡೆದ. ಹಾಲ್ ಟಿಕೆಟ್ಟು, ಜಾತಿ ಪ್ರಮಾಣಪತ್ರದ ರಸೀತಿ, ಪಿಂಚಣಿಯ ಒಪ್ಪಿಗೆ, ನರ್ಸಿಂಗ್ ಸೀಟಿನ ಪತ್ರ, ಎಲ್ಲವೂ ಅವನ ಒಂದೇ ಡಬ್ಬಿಗೆ ಬಂದು ಬೀಳುತ್ತಿದ್ದವು. ಒಂದನ್ನೂ ಅಳಿಸಲಿಲ್ಲ. ಇನ್ನು ಟ್ರಂಕು ಯಾಕೆ ಎಂದು ದಾಕ್ಷಾಯಣಮ್ಮ ಹಳೆಯ ಕಾಪಿಗಳನ್ನೆಲ್ಲ ಗುಜರಿಗೆ ಹಾಕಿದಾಗ ಅವನು ಏನೂ ಅನ್ನಲಿಲ್ಲ. ಮೇಲ್‌ನಲ್ಲಿ ಎಲ್ಲ ಇದೆಯಲ್ಲ ಎಂಬ ಧೈರ್ಯ.

ಇನ್ನೊಂದು ಚಾಳಿಯೂ ಅಂಟಿತ್ತು. ಕಂಪ್ಯೂಟರು ದಿನಕ್ಕೆ ನೂರು ಸಲ ಕೇಳುತ್ತದೆ: ಒಪ್ಪಿಗೆಯೇ, ಖಚಿತವೇ, ಮುಂದುವರಿಯಲೇ. ಗಂಗಾಧರಯ್ಯ ನೂರು ಸಲವೂ ಹೌದು ಒತ್ತುತ್ತಾನೆ. ಓದುತ್ತ ಕೂತರೆ ಜನರ ಸಾಲು ಬಸ್‌ಸ್ಟ್ಯಾಂಡ್ ಮುಟ್ಟುತ್ತದೆ. ಅವನನ್ನೊಬ್ಬನನ್ನೇ ಬೈದು ಏನು ಬಂತು? ಆ ಯಂತ್ರಕ್ಕೂ ಹೊತ್ತುಗೊತ್ತಿಲ್ಲ. ಹೆಸರಿನ ಮುಂದೆ ಶ್ರೀ ಹಾಕಲೇ ಎಂದು ಕೇಳುವ ಧಾಟಿಯಲ್ಲೇ ಮನೆಗೆ ಬೆಂಕಿ ಇಡಲೇ ಎಂದೂ ಕೇಳುತ್ತದೆ. ಎರಡಕ್ಕೂ ಅದೇ ಸಣ್ಣ ಪೆಟ್ಟಿಗೆ, ಅದೇ ನೀಲಿ ಗುಂಡಿ.

ನಂಜಮ್ಮ ಅವನ ಅಂಗಡಿಗೆ ಮೊದಲು ಬಂದದ್ದು ನಾಲ್ಕು ವರ್ಷದ ಹಿಂದೆ. ಕೊಣನೂರಿನ ಹತ್ತಿರದ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ಕೃಷ್ಣಪ್ಪ ತೆಂಗಿನ ಮರದಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಜೀವ ಉಳಿಯಿತು, ನೆನಪು ಮಾತ್ರ ಬಂದು ಬಂದು ಹೋಗುತ್ತಿತ್ತು. ಒಂದು ಬೆಳಗ್ಗೆ ಯಾರಿಗೂ ಹೇಳದೆ ಹಾಸನದ ಬಸ್ಸು ಹತ್ತಿದ. ಅಲ್ಲಿ ಇಳಿದದ್ದನ್ನು ಕಂಡಕ್ಟರ್ ನೋಡಿದ್ದ, ಆಮೇಲೆ ನೋಡಿದವರಿಲ್ಲ. ಪೊಲೀಸರಿಗೆ ಕೊಟ್ಟ ದೂರನ್ನು ಬರೆದವನು ಗಂಗಾಧರಯ್ಯ. "ಕಾಣೆಯಾಗಿದ್ದಾರೆ" ಎಂಬ ಕರಪತ್ರ ಮಾಡಿಕೊಟ್ಟವನೂ ಅವನೇ.

ಕರಪತ್ರದಲ್ಲಿ ಮೊದಲು ನಂಜಮ್ಮನ ಫೋನ್ ನಂಬರೇ ಇತ್ತು. ಒಂದು ತಿಂಗಳಲ್ಲಿ ಅವಳು ಅಳುತ್ತ ಬಂದಳು. ಗಂಡಿಲ್ಲದ ಮನೆ ಎಂದು ತಿಳಿದ ಪೋಲಿಗಳು ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿ ಏನೇನೋ ಮಾತಾಡುತ್ತಿದ್ದರು. ನಿನ್ನ ಗಂಡ ನಮ್ಮ ಹತ್ತಿರ ಇದ್ದಾನೆ, ಒಬ್ಬಳೇ ಬಾ ಅನ್ನುತ್ತಿದ್ದರು. ಗಂಗಾಧರಯ್ಯನಿಗೆ ಮೈ ಉರಿದುಹೋಯಿತು. "ನಂಬ್ರು ತೆಗ್ದಾಕ್ತೀನಿ ಬುಡವ್ವ. ನನ್ ಮೇಲ್ ಐಡಿ ಆಕ್ತೀನಿ. ಪೋಲಿ ನನ್ಮಕ್ಳು ಕೂತ್ಕಂಡು ಕಾಗ್ದ ಬರೆಯಲ್ಲ. ನಿಜವಾಗ್ಲೂ ಕಂಡೋರು ಬರೀತಾರೆ" ಎಂದ. ಫೋನ್ ಕಾಟ ನಿಂತಿತು. ನಂಜಮ್ಮ ಪ್ರತಿ ಶನಿವಾರ ಮಧ್ಯಾಹ್ನ ಅಡುಗೆ ಪಾತ್ರೆ ತೊಳೆದಿಟ್ಟು ಬಸ್ಸಿನಲ್ಲಿ ಬರುವಳು, ಬೆಂಚಿನ ತುದಿಯಲ್ಲಿ ಕೂರುವಳು. "ಏನಾರ ಬಂದದಾ ಸಾ?" ಎಂದು ಕೇಳುವಳು. "ಇಲ್ಲ ಕಣವ್ವ" ಎಂದು ಇವನು ಹೇಳುವನು. ಆ 'ಇಲ್ಲ' ಹೇಳುವಾಗ ಇವನಿಗೆ ಪ್ರತಿ ಸಲವೂ ತನ್ನದೇ ತಪ್ಪೇನೋ ಎನ್ನಿಸುತ್ತಿತ್ತು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬುಧವಾರ. ಬೆಳಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಕಂಪ್ಯೂಟರು ಯುಪಿಎಸ್ ಮೇಲೆ ಓಡುತ್ತಿತ್ತು, ಪ್ರಿಂಟರು ಅದರ ಮೇಲೆ ಓಡುವುದಿಲ್ಲ. ಗಂಗಾಧರಯ್ಯ ಮೇಲ್ ತೆರೆದ. ಎಲ್ಲಕ್ಕಿಂತ ಮೇಲೆ ಗುರುತಿಲ್ಲದ ಯಾರದೋ ಕಾಗದ.

"ನಿಮ್ಮ ಕರಪತ್ರ ಒಂದು ಬಸ್ ನಿಲ್ದಾಣದಲ್ಲಿ ನೋಡಿದ್ದೆ. ನಾನು ಯಾತ್ರೆಗೆ ಬಂದಿರುವ ಊರಿನ ದಾಸೋಹದಲ್ಲಿ ಇಂಥವರೇ ಒಬ್ಬರು ಮೂರು ದಿನದಿಂದ ಊಟಕ್ಕೆ ಬರುತ್ತಿದ್ದಾರೆ. ಹೆಸರು ಕೇಳಿದರೆ ನಗುತ್ತಾರೆ. ಅರಕಲಗೂಡು ಅಂದಾಗ ತಲೆ ಎತ್ತಿ ನೋಡಿದರು. ಫೋಟೊ ಇಟ್ಟಿದ್ದೇನೆ. ಅವರು ಮಾತಾಡುವ ವಿಡಿಯೊ ಕಳಿಸಿದೆ, ನಿಮ್ಮ ಡಬ್ಬಿಯಲ್ಲಿ ಜಾಗವಿಲ್ಲವೆಂದು ವಾಪಸ್ ಬಂತು. ಜಾಗ ಮಾಡಿ ತಿಳಿಸಿ. ನಾನು ನಾಳೆ ಬೆಳಗ್ಗೆ ಇಲ್ಲಿಂದ ಹೊರಡುತ್ತೇನೆ."

ಕೆಳಗೆ ಊರಿನ ಹೆಸರಿತ್ತು. ಗಂಗಾಧರಯ್ಯ ಫೋಟೊ ತೆರೆದ. ಗಡ್ಡ, ಬತ್ತಿದ ಕೆನ್ನೆ, ಎಲೆಯ ಮುಂದೆ ಕೂತು ಯಾರೋ ಕರೆದದ್ದಕ್ಕೆ ತಿರುಗಿದ ಹಾಗಿರುವ ಮುಖ. ನಾಲ್ಕು ವರ್ಷ ದಿನಾ ನೋಡಿದ ಕರಪತ್ರದ ಮುಖ. ಕೂಡಲೇ ನಂಜಮ್ಮನಿಗೆ ಫೋನ್ ಮಾಡಿದ. "ನಂಜಮ್ಮ, ಬಂದದೆ ಕಣವ್ವ! ಪೋಟೊ ಬಂದದೆ. ಅವ್ನಂಗೇ ಅವ್ನೆ" ಎಂದ. ಆ ಕಡೆ ಏನೋ ಪಾತ್ರೆ ಬಿದ್ದ ಸದ್ದು. "ಮಕ್ಕಳಿಗೆ ಬಡಿಸ್ಬುಟ್ಟು ಓಡ್ಬತ್ತೀನಿ ಸಾ. ಅಲ್ಲೇ ಇರಿ, ಎಲ್ಲೂ ಓಗ್ಬ್ಯಾಡಿ" ಎಂದಳು.

ಈಗ ಜಾಗ ಮಾಡಬೇಕು. ವಿಡಿಯೊ ಬರಬೇಕು, ನಂಜಮ್ಮ ಬರುವ ಹೊತ್ತಿಗೆ ಗಂಡನ ದನಿ ಕೇಳಿಸಬೇಕು. ಯುಪಿಎಸ್ ಆಗಲೇ ಕೀಂ ಕೀಂ ಎನ್ನತೊಡಗಿತ್ತು. ಗಂಗಾಧರಯ್ಯ ಬುದ್ಧಿವಂತಿಕೆಯಿಂದಲೇ ಶುರು ಮಾಡಿದ. ಐದು ವರ್ಷಕ್ಕಿಂತ ಹಳೆಯವು ಮಾತ್ರ ತೋರಿಸು ಎಂದು ಹುಡುಕು ಖಾನೆಯಲ್ಲಿ ಹಾಕಿದ. ಒಂದು ಪುಟಕ್ಕೆ ಐವತ್ತು ಬಂದವು. ಗುರುತು ಮಾಡಿ ಅಳಿಸಿದ. ಮತ್ತೆ ಐವತ್ತು.

ಅಷ್ಟರಲ್ಲಿ ಈಶ್ವರಯ್ಯ ಎಂಬ ಪರಿಚಯದ ವ್ಯಾಪಾರಿ ಒಳಗೆ ಬಂದು, ಮಗಳ ಜಾತಿ ಪ್ರಮಾಣಪತ್ರದ ರಸೀತಿ ನಂಬರು ಈಗಲೇ ಬೇಕು ಎಂದು ಹಟ ಹಿಡಿದ. ಹೊರಗೆ ಆಟೊ ನಿಲ್ಲಿಸಿಕೊಂಡು ಬಂದಿದ್ದ. ಗಂಗಾಧರಯ್ಯ ಹುಡುಕು ಖಾನೆಯಲ್ಲಿದ್ದದ್ದನ್ನು ಒರೆಸಿ ಅವನ ಮಗಳ ಹೆಸರು ಹೊಡೆದ, ನಂಬರು ಬರೆದುಕೊಟ್ಟ, ಮತ್ತೆ ಮೊದಲಿನ ಪುಟಕ್ಕೆ ಬಂದ. ಐದು ವರ್ಷದ ಮಾತನ್ನು ತಿರುಗಿ ಹಾಕುವುದು ಮರೆತುಹೋಯಿತು. ಹಳೆಯ ಕಾಗದಗಳೇ ಮುಂದಿವೆ ಎಂದುಕೊಂಡ.

ಮೇಲಿನ ಸಣ್ಣ ಚೌಕ ಒತ್ತಿದ. ಐವತ್ತಕ್ಕೆ ಗುರುತು ಬಿತ್ತು. ಮೇಲೊಂದು ಸಾಲು ಮೂಡಿತು: ಎಲ್ಲ ೩೧,೨೦೮ ಸಂದೇಶಗಳನ್ನೂ ಆರಿಸಿ. ಅಯ್ಯೋ, ಇದು ಮೊದಲೇ ಗೊತ್ತಿದ್ದರೆ ಎಂದು ಅವನಿಗೆ ಖುಷಿಯೇ ಆಯಿತು. ಒತ್ತಿದ. ಅಳಿಸು ಎಂದ. ಯಂತ್ರ ಕೇಳಿತು, ಖಚಿತವೇ? ಹೌದು. ಕಸದ ಬುಟ್ಟಿ ಖಾಲಿ ಮಾಡದೆ ಜಾಗ ಬಿಡುವಾಗುವುದಿಲ್ಲ ಎಂದು ಪಕ್ಕದ ಮೊಬೈಲ್ ಅಂಗಡಿಯ ಸಂಜಯ್ ಒಮ್ಮೆ ಹೇಳಿಕೊಟ್ಟಿದ್ದ. ಬುಟ್ಟಿಗೆ ಹೋದ. ಶಾಶ್ವತವಾಗಿ ಅಳಿಸಲೇ? ಹೌದು. ಆ ಬೆರಳು ಒಂದು ಗಳಿಗೆ ತಡೆದಿದ್ದರೆ! ಎಂಟು ವರ್ಷ ಕಲಿತ ಕೈ, ನಲವತ್ತು ವರ್ಷ ದುಡಿದ ಕೈ, ಅದಕ್ಕೆ ತಡೆಯುವುದೇ ಗೊತ್ತಿರಲಿಲ್ಲ.

ಯಾತ್ರಿಕನಿಗೆ ಉತ್ತರ ಬರೆಯೋಣವೆಂದು ಡಬ್ಬಿಗೆ ಮರಳಿದ. ಇಲ್ಲಿ ಏನೂ ಇಲ್ಲ ಎಂದು ಬರೆದಿತ್ತು. ಅಷ್ಟು ಓದುವುದರೊಳಗೆ ಯುಪಿಎಸ್ ಸುಮ್ಮನಾಯಿತು, ಪರದೆ ಕಪ್ಪಾಯಿತು. ತನ್ನ ಮೊಬೈಲ್ ತೆಗೆದು ಮೇಲ್ ನೋಡಿದ. ಅಲ್ಲೂ ಅದೇ. ಮುಚ್ಚಿ ತೆರೆದ, ಮತ್ತೆ ಮುಚ್ಚಿ ತೆರೆದ. ಊರಿನ ಹೆಸರು ಏನಿತ್ತು? ಕೊನೆಯಲ್ಲಿ 'ಪುರ' ಇತ್ತು. ಬರೆದವನ ಐಡಿ? ಇಂಗ್ಲಿಷಿನಲ್ಲಿ ಯಾವುದೋ ಹೆಸರು, ಹಿಂದೆ ನಾಲ್ಕು ಅಂಕಿ. ಫೋಟೊ ತೆರೆದಾಗ ಈ ಮೊಬೈಲ್ ಎತ್ತಿ ಪರದೆಯ ಒಂದು ಚಿತ್ರ ಹೊಡೆದುಕೊಂಡಿದ್ದರೆ ಸಾಕಿತ್ತು. ಪೆನ್ನು ಎತ್ತಿ ಊರಿನ ಹೆಸರು ಅಂಗೈಗೆ ಬರೆದುಕೊಂಡಿದ್ದರೂ ಸಾಕಿತ್ತು.

ಎರಡೂವರೆಗೆ ನಂಜಮ್ಮ ಬಂದಳು. ತಲೆಗೆ ಹೂವು ಮುಡಿದಿದ್ದಳು. ನಾಲ್ಕು ವರ್ಷದಲ್ಲಿ ಅವಳ ತಲೆಯಲ್ಲಿ ಅವನು ಹೂವು ಕಂಡಿರಲಿಲ್ಲ. "ತೋರ್ಸಿ ಸಾ" ಎಂದು ನಿಂತೇ ಕೇಳಿದಳು.

"ಕರೆಂಟಿಲ್ಲ ಕಣವ್ವ" ಎಂದ ಗಂಗಾಧರಯ್ಯ.

ಸುಳ್ಳೇನೂ ಅಲ್ಲವಲ್ಲ. ಆದರೆ ಹೇಡಿಯ ಮಾತು. ಅವನಿಗೇ ಅದು ಗೊತ್ತಿತ್ತು. ನಂಜಮ್ಮ ಬೆಂಚಿನ ಮೇಲೆ ಕೂತಳು, ತುದಿಯಲ್ಲಲ್ಲ, ನಡುವೆ. ಮಾತು ಶುರು ಮಾಡಿದಳು. "ಬಂದ್ರೆ ಬೈಯಕಿಲ್ಲ ಸಾ. ಒಂದ್ ಮಾತೂ ಅನ್ನಕಿಲ್ಲ. ಎಲ್ಲೋಗಿದ್ದೆ ಅಂತ್ಲೂ ಕೇಳಕಿಲ್ಲ. ಮಗ್ಳು ಭವ್ಯಶ್ರೀಗೂ ಹೇಳಿವ್ನಿ, ಅಪ್ಪ ಬಂದ್ರೆ ಸುಮ್ಕೆ ನೀರ್ ಕೊಡು ಅಂತ." ನಿಂತ ಫ್ಯಾನನ್ನು ಆಗಾಗ ತಲೆ ಎತ್ತಿ ನೋಡುತ್ತಿದ್ದಳು. ಗಂಗಾಧರಯ್ಯ ಮೇಜಿನ ಮೇಲಿನ ಕಾಗದ ಜೋಡಿಸಿದ, ಮತ್ತೆ ಕೆದರಿ ಮತ್ತೆ ಜೋಡಿಸಿದ. ಈ ಕರೆಂಟು ಇನ್ನು ಬರದೇ ಇರಲಿ ದೇವರೇ ಎಂದು ಬೇಡಿಕೊಂಡ. ಲೋಕದಲ್ಲಿ ಅಂಥ ಹರಕೆ ಹೊತ್ತವನು ಅವನೊಬ್ಬನೇ ಇರಬೇಕು.

ನಾಲ್ಕಕ್ಕೆ ಬಂತು. ಫ್ಯಾನು ತಿರುಗಿತು, ಪ್ರಿಂಟರು ಗುಯ್ ಎಂದಿತು. "ಬಂತು, ಬಂತು ಸಾ! ಆಕಿ!" ಎಂದು ನಂಜಮ್ಮ ಎದ್ದು ಬಂದು ಮೇಜು ಹಿಡಿದು ನಿಂತಳು. ಗಂಗಾಧರಯ್ಯ ಆಗ ಹೇಳಿದ. ಹೇಳುವಾಗ ಅವಳ ಮುಖ ನೋಡಲಾಗದೆ ಕೀಲಿಮಣೆ ನೋಡುತ್ತ ಹೇಳಿದ.

ಅವಳಿಗೆ ಅರ್ಥವಾಗಲಿಲ್ಲ. "ಅಳ್ಸೋಯ್ತು ಅಂದ್ರೆ? ಇನ್ನೊಂದು ಕಾಪಿ ಇರ್ತದಲ್ಲ ಸಾ. ನೀವು ಎಲ್ಲಾದ್ಕೂ ಕಾಪಿ ಮಡೀಕಂಡಿರ್ತೀರಲ್ಲ."

"ಇಲ್ಲ ಕಣವ್ವ."

"ಇನ್ನೊಂದ್ ಸಲಿ ನೋಡಿ."

ಅವನು ಇನ್ನೊಂದು ಸಲ ನೋಡಿದ. ಬಿಳಿ ಪುಟ. ನಂಜಮ್ಮ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬೆಂಚಿಗೆ ಹೋಗಿ ತುದಿಯಲ್ಲಿ ಕೂತು, ಕೊನೆಯ ಬಸ್ಸಿಗೆ ಹೊತ್ತಾಗುವ ತನಕ ಕೂತೇ ಇದ್ದಳು.

ಮಾರನೆಯ ದಿನ ಬೆಳಗಾಗುತ್ತಲೇ ಗಂಗಾಧರಯ್ಯ ಹಾಸನಕ್ಕೆ ಓಡಿದ. ತಮ್ಮನ ಮಗ ರುದ್ರೇಶ ಅಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಅವನು ಮೇಲ್ ಕಂಪನಿಗೆ ಮನವಿ ಹಾಕಿದ. ಎರಡು ದಿನಕ್ಕೆ ಉತ್ತರ ಬಂತು, ಮರಳಿ ತರಲು ಸಾಧ್ಯವಾಗಿಲ್ಲ ಎಂದು. "ಬುಟ್ಟಿ ಒಂದನ್ನ ಮುಟ್ಟದೆ ಇದ್ದಿದ್ರೆ ಮೂವತ್ತು ದಿನ ಅಲ್ಲೇ ಇರೋದು ದೊಡ್ಡಪ್ಪ. ಅದಿರೋದೇ ಕೈ ತಪ್ಪಿದೋರಿಗೆ ಅಂತ" ಎಂದ ರುದ್ರೇಶ. ಇನ್ನೊಂದು ಡಬ್ಬಿ ತೆರೆದು, ಬಂದ ಪ್ರತಿ ಕಾಗದದ ನಕಲು ಅದಕ್ಕೂ ಹೋಗುವಂತೆ ಮಾಡಿಕೊಟ್ಟ. ಬೇಕಾದದ್ದಕ್ಕೆ ನಕ್ಷತ್ರ ಹಾಕುವುದು, ಒಂದು ಪುಟಕ್ಕಿಂತ ಹೆಚ್ಚು ಒಟ್ಟಿಗೆ ಅಳಿಸದಿರುವುದು, ಯಂತ್ರ ಸಂಖ್ಯೆ ಹೇಳಿದರೆ ಅದನ್ನು ಬಾಯಿಬಿಟ್ಟು ಓದಿಯೇ ಹೌದು ಒತ್ತುವುದು, ಎಲ್ಲ ಹೇಳಿಕೊಟ್ಟ. ಗಂಗಾಧರಯ್ಯ ಅದನ್ನೆಲ್ಲ ದಪ್ಪ ಅಕ್ಷರದಲ್ಲಿ ಹೊಡೆದು ಕಂಪ್ಯೂಟರಿಗೆ ಅಂಟಿಸಿದ, ಕಚೇರಿ ಎದುರಿನ ಎಲ್ಲ ಆನ್‌ಲೈನ್ ಅಂಗಡಿಗಳಿಗೂ ಹೋಗಿ ಒಂದೊಂದು ಹಾಳೆ ಕೊಟ್ಟು ಬಂದ. ಒಬ್ಬರು ನಕ್ಕರು, ಒಬ್ಬರು ಹಾಳೆಯ ಹಿಂಭಾಗದಲ್ಲಿ ಜೆರಾಕ್ಸ್ ತೆಗೆದರು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ.

ಆ ಯಾತ್ರಿಕ ಮತ್ತೆ ಬರೆಯಲಿಲ್ಲ. ಯಾಕೆ ಬರೆದಾನು? ಗುರುತಿಲ್ಲದವನು, ತನಗೆ ಸೇರದ ಕೆಲಸವನ್ನು ಎರಡೆರಡು ಸಲ ಮಾಡಿದ, ಉತ್ತರ ಬರಲಿಲ್ಲ, ತನ್ನ ದಾರಿ ಹಿಡಿದ. ಪೊಲೀಸರಿಗೆ ತಿಳಿಸಿದ್ದಾಯಿತು. 'ಪುರ' ಎಂದು ಕೊನೆಯಾಗುವ, ದಾಸೋಹ ನಡೆಯುವ ಊರುಗಳ ಪಟ್ಟಿ ಮಾಡಿ ರುದ್ರೇಶ ಫೋನ್ ಮಾಡಿದ. ನಂಜಮ್ಮ ತಮ್ಮನನ್ನು ಕರೆದುಕೊಂಡು ನಾಲ್ಕು ಊರಿಗೆ ಹೋಗಿಬಂದಳು. ದಿನಕ್ಕೆ ಸಾವಿರ ಎಲೆ ಏಳುವ ಜಾಗದಲ್ಲಿ ಗಡ್ಡದವನೊಬ್ಬನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಬೇರೆಯವರ ಕಾಗದಗಳೂ ಹೋಗಿದ್ದವು. ಅವರೆಲ್ಲ ಬಂದು ಬಾಯಿಗೆ ಬಂದಂತೆ ಬೈದರು, ಹೊಸ ಅರ್ಜಿ ಹಾಕಿಸಿಕೊಂಡು ಹೋದರು. ಅದಕ್ಕೆಲ್ಲ ಮರುಅರ್ಜಿ ಇತ್ತು.

ನಂಜಮ್ಮ ಶನಿವಾರ ಬರುವುದನ್ನು ನಿಲ್ಲಿಸಲಿಲ್ಲ. ಕೇಳುವುದು ಮಾತ್ರ ಬೇರೆ. "ಎಂಗಿದ್ರು ಹೇಳಿ ಸಾ" ಅನ್ನುವಳು. ಗಂಗಾಧರಯ್ಯ ಹೇಳುವನು: ಗಡ್ಡ ಬಂದಿತ್ತು, ಕೆನ್ನೆ ಬತ್ತಿತ್ತು, ಎಲೆ ಮುಂದೆ ಕೂತಿದ್ದ. "ಉಣ್ತಿದ್ರಾ?" ಹೂಂ. "ಅಂಗಿ ಎಂಥದ್ದು?" ಬಿಳೀದು. ಮುಂದಿನ ವಾರ ಅಂಗಿಯ ಮೇಲೊಂದು ಟವೆಲ್ ಬಂತು. ಅದರ ಮುಂದಿನ ವಾರ ಟವೆಲ್ಲಿಗೆ ಕೆಂಪು ಅಂಚು ಬಂತು. ಟವೆಲ್ ನಿಜವಾಗಿ ಇತ್ತೇ, ಅವಳ ಮುಖ ನೋಡಿ ತಾನೇ ಹೊದಿಸಿದೆನೇ ಎಂಬುದು ಅವನಿಗೇ ತಿಳಿಯದಾಯಿತು. ನೋಡಿದ್ದು ಎಷ್ಟು ಹೊತ್ತು, ಹತ್ತು ಎಣಿಸುವಷ್ಟು. ಲೋಕದಲ್ಲಿ ಆ ಚಿತ್ರ ಉಳಿದಿದ್ದ ಒಂದೇ ಜಾಗ ಅವನ ತಲೆ. ವಾರ ವಾರ ಅದೂ ಕೆಡುತ್ತಿತ್ತು. ಅವನು ಸರಿಯಾಗಿ ಉಣ್ಣುವುದನ್ನು ಬಿಟ್ಟ. ದಾಕ್ಷಾಯಣಮ್ಮ ಗದರಿದರೆ, "ನಾನು ಏನ್ ನೋಡ್ದೆ ಅಂತ ನಂಗೇ ಗೊತ್ತಿಲ್ಲ ಕಣೆ" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ವೈಶಾಖದಲ್ಲಿ ಭವ್ಯಶ್ರೀಗೆ ಗಂಡು ಗೊತ್ತಾಯಿತು, ಚನ್ನರಾಯಪಟ್ಟಣದ ಕಡೆಯವರು. ಲಗ್ನಪತ್ರಿಕೆ ಮಾಡಿಸಲು ನಂಜಮ್ಮ ಗಂಗಾಧರಯ್ಯನ ಹತ್ತಿರವೇ ಬಂದಳು. ಅವನು ಟೈಪ್ ಮಾಡಿದ. 'ಶ್ರೀಮತಿ ನಂಜಮ್ಮ ಮತ್ತು' ಎಂದು ಹೊಡೆದು ಕೈ ನಿಲ್ಲಿಸಿದ. ಮುಂದೆ 'ಶ್ರೀ' ಹಾಕಬೇಕೋ 'ದಿವಂಗತ' ಹಾಕಬೇಕೋ?

"ಬೀಗ್ರು ಎರಡ್ರಲ್ಲಿ ಒಂದು ಮಾಡಿ ಅಂತಾವ್ರೆ" ಎಂದಳು ನಂಜಮ್ಮ. "ಶ್ರೀ ಅಂತ ಆಕುದ್ರೆ ಧಾರೆಗೆ ಅಪ್ಪ ಎಲ್ಲಿ ಅಂತ ಕೇಳ್ತಾರಂತೆ. ಇಲ್ಲಾಂತ ಆಕುದ್ರೆ ನಾನು ಈ ತಾಳಿ ತೆಗೀಬೇಕು. ನೋಡಿರೋರು ನೀವೊಬ್ರೇ ಸಾ. ನೀವೇ ಹೇಳಿ. ಅವ್ರ ಬಲಗೈಲಿ ಎರಡು ಬೆಟ್ಟು ಮೊಂಡು, ಹುಲ್ ಕತ್ತರ್ಸೋ ಮಿಷನ್‌ಗೆ ಸಿಕ್ಕಿ ಓಗಿದ್ದೊ. ಉಣ್ತಿದ್ರು ಅಂದ್ರಲ್ಲ. ಎಲೆ ಮ್ಯಾಲೆ ಕೈ ಇತ್ತಲ್ಲ. ಬೆಟ್ಟು ಎಂಗಿದ್ದೊ?"

ಮೊಂಡು ಬೆರಳಿನ ಗುರುತನ್ನು ಕರಪತ್ರದಲ್ಲಿ ಹೊಡೆದವನು ಅವನೇ. ಗಂಗಾಧರಯ್ಯ ಕಣ್ಣು ಮುಚ್ಚಿದ. ಗಡ್ಡ ಬಂತು, ಕೆನ್ನೆ ಬಂತು, ತಾನು ಸೇರಿಸಿದ ಟವೆಲ್ಲೂ ಬಂತು. ಕೈ ಬರಲಿಲ್ಲ. ಹೂಂ ಅಂದುಬಿಡಲೇ ಎನ್ನಿಸಿತು. ಹೂಂ ಅಂದರೆ ಈ ಹೆಂಗಸು ಸಾಯುವ ತನಕ ದಾರಿ ಕಾಯುತ್ತಾಳೆ. ಇಲ್ಲ ಅಂದರೆ ಬದುಕಿರುವವನನ್ನು ತಾನೇ ಕೊಂದ ಹಾಗೆ.

"ನೋಡ್ಲಿಲ್ಲ ಕಣವ್ವ" ಎಂದ. "ಮುಖ ನೋಡ್ದೆ. ಕೈ ನೋಡ್ಲಿಲ್ಲ."

ಹೊರಗೆ ಹಾಸನದ ಬಸ್ಸು ಬಂದು ನಿಂತು ಹೋಯಿತು.

"ಮುಖ ನಂಗೂ ಮರ್ತೋಯ್ತಾ ಅದೆ ಸಾ" ಎಂದಳು. "ಹೆಸ್ರೇ ಬ್ಯಾಡ ಬುಡಿ. ತೆಗೀರಿ."

ಗಂಗಾಧರಯ್ಯ 'ಮತ್ತು' ಎಂಬುದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ. ಶ್ರೀಮತಿ ನಂಜಮ್ಮ ಎಂದಷ್ಟೇ ಉಳಿಯಿತು. ಒಂದು ಹಾಳೆ ಪ್ರಿಂಟ್ ತೆಗೆದು ಅವಳ ಕೈಗೆ ಕೊಟ್ಟ. ಅವಳಿಗೆ ಓದು ಬರುವುದಿಲ್ಲ. ತನ್ನ ಹೆಸರು ಯಾವುದೆಂದು ಕೇಳಿ ತಿಳಿದುಕೊಂಡಳು, ಅದರ ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಅವ್ರು ಬರ್ಬೇಕಾಗಿದ್ದದ್ದು ಇಲ್ಲೇನಾ ಸಾ?"

"ಹೂಂ ಕಣವ್ವ" ಎಂದ ಗಂಗಾಧರಯ್ಯ. "ಅಲ್ಲೇ."